ಅಕ್ಕಿ ರಾಗಿ ಇಲ್ಲದ ಊಟ

ನಮ್ಮಪ್ಪ ಚಿಕ್ಕವೆಂಕಟಪ್ಪ ಆಣೆ ಇಟ್ಟಿದ್ದು ಅಮ್ಮನ ತಲೆಯ ಮೇಲೆ. ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದರೆ ನಾನು ಅವತ್ತು ಸಂಜೆಯೇ ಅಕ್ಕನ ಮನೆಗೆ ಊಟಕ್ಕೆ ಹೋಗಿರುತ್ತಿದ್ದೆ. ನನ್ನ ಬುದ್ಧಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತನಾಲ್ಕನೇ ಇಸವಿಯ ಮಾತು. ಅಕ್ಕ ಮುನಿರತ್ನ ನಂದಿದುರ್ಗದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಏಳುಮಲೈಯನ್ನು ಮದುವೆಯಾಗಿ ಹೊರಟುಹೋದಳು. ಅವನು ನಮ್ಮ ಜಾತಿಯವನಲ್ಲ, ನಮ್ಮ ಮಾತಿನವನಲ್ಲ, ಒಂದು ಗುಂಟೆ ಭೂಮಿಯೂ ಇಲ್ಲ. ಇದರಲ್ಲಿ ಅಪ್ಪನ ಹೊಟ್ಟೆ ಉರಿಸಿದ್ದು ಯಾವುದೋ ನಾನು ಕೇಳಲಿಲ್ಲ. ಬೂದಿಕೋಟೆಯಿಂದಾಚೆ ನಮ್ಮ ಊರು, ಊರ ಹೊರಗೆ ನಮ್ಮ ಹೊಲದ ಬದುವಿನಲ್ಲಿ ಮನೆದೇವರು ಮುನೇಶ್ವರನ ಕಲ್ಲು. ಅಲ್ಲಿಗೆ ಎಲ್ಲರನ್ನೂ ಕರೆದೊಯ್ದು, ಕರ್ಪೂರ ಹಚ್ಚಿ, ಅಮ್ಮನನ್ನು ಕಲ್ಲಿನ ಮುಂದೆ ಕೂರಿಸಿ, ಅವಳ ತಲೆಯ ಮೇಲೆ ಬಲಗೈ ಇಟ್ಟ.

“ಈ ಮನೇರು ಯಾರೇ ಆಗ್ಲಿ, ಅವಳ ಜತೆ ಕುಂತ್ಕಂಡು ಅಕ್ಕಿ ರಾಗಿ ತಿಂದ್ರೆ, ಈ ಮನೆ ಕಾಳು ಅವಳ ಬಾಯಿಗ್ ಬಿದ್ರೆ, ಇವಳು ಉಳಿಯಲ್ಲ.”

ಅಮ್ಮ ಕರ್ಪೂರ ಆರುವವರೆಗೂ ಕದಲಲಿಲ್ಲ. ಆಮೇಲೆ ಎದ್ದು, ಸೆರಗು ಕೊಡವಿಕೊಂಡು, ಹಸುಗಳಿಗೆ ಹುಲ್ಲು ಹಾಕಲು ಹೋದಳು.

ನಮ್ಮ ಕಡೆ ಊಟ ಅಂದರೆ ಮುದ್ದೆ, ಇಲ್ಲವೇ ಅನ್ನ. ಮಿಕ್ಕಿದ್ದೆಲ್ಲ ಬಾಯಾಡಿಸುವುದು. ಅವೆರಡನ್ನು ನಿಲ್ಲಿಸಿದರೆ ಸಂಬಂಧವೇ ನಿಂತ ಹಾಗೆ ಎಂದು ಅಪ್ಪ ತಿಳಿದುಕೊಂಡ. ಬ್ರೆಡ್ಡು ಅವನ ಯೋಚನೆಗೆ ಬಂದಿರಲಿಲ್ಲ. ಅದು ಜ್ವರ ಬಂದವರು ತಿನ್ನುವ ಪದಾರ್ಥ.

ಮೂರು ವರ್ಷಕ್ಕೆ ಅಪ್ಪ ತೀರಿಕೊಂಡ. ಅಕ್ಕ ಬಂದು, ದೂರದಲ್ಲಿ ನಿಂತು ಅತ್ತು ಹೋದಳು. ಸಾವಿನ ಮನೆಗೆ ಬಂದವರಿಗೆ ಊಟವಿಲ್ಲ, ಹಾಗಾಗಿ ಅವತ್ತು ಆಣೆಗೂ ಕೆಲಸವಿರಲಿಲ್ಲ. ಆದರೆ ಆಣೆ ಹಾಗೆಯೇ ಉಳಿಯಿತು. ನಮ್ಮಲ್ಲಿ ಆಣೆ ಇಟ್ಟವರೇ ಅದನ್ನು ಎತ್ತಬೇಕು, ಬೇರೆ ಯಾರೂ ಎತ್ತುವಂತಿಲ್ಲ. ಎತ್ತಬೇಕಾದವನು ಹೊಲದ ಮೂಲೆಯಲ್ಲಿ ಮಣ್ಣಾಗಿದ್ದ.

ಬಂದು ಮುಖ ತೋರಿಸಿ, ಊಟ ಮಾಡದೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. “ಮಗಳು ತವರಿಗ್ ಬಂದು ಉಣ್ದೆ ಓಗಾಕೆ, ನಮ್ಮನೇಲಿ ಈಗ್ಯಾರ್ಲಾ ಸತ್ತವ್ರೆ?”

ಅಪ್ಪನ ವರ್ಷದ ತಿಥಿ ಮುಗಿದ ಮೇಲೆ ಅಮ್ಮ ನನ್ನನ್ನು ಕೊಟ್ಟಿಗೆಗೆ ಕರೆದಳು. “ಕೋದಂಡ, ಓಗಿ ಅವಳನ್ನ ನೋಡ್ಕಂಡ್ ಬಾ. ಸೊರಗವ್ಳಾ, ಮೈ ತುಂಬ್ಕಂಡವ್ಳಾ, ಅಷ್ಟ್ ನೋಡ್ಕಂಡ್ ಬಾ, ಸಾಕು.” ಸೋಮವಾರ ಬಸವನ ದಿನ, ನಾವು ನೇಗಿಲು ಕಟ್ಟುವುದಿಲ್ಲ. ಆ ಸೋಮವಾರ ಬಂಗಾರಪೇಟೆಗೆ ಹೋಗಿ, ಬಸ್ಸು ಬದಲಾಯಿಸಿ, ನಂದಿದುರ್ಗದ ಗಣಿ ಕೆಲಸಗಾರರ ಲೈನ್ ಮನೆಗಳನ್ನು ಹುಡುಕಿಕೊಂಡು ಹೋದೆ.

ಅಕ್ಕ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಒಳಗೆ ಒಲೆಯ ಮೇಲೆ ಅನ್ನ ಬೇಯುತ್ತಿತ್ತು, ಅದರ ವಾಸನೆ ಬಾಗಿಲಿಗೇ ಬರುತ್ತಿತ್ತು. ತಮ್ಮನನ್ನು ಕೂರಿಸಿ ಮುಂದೆ ತಟ್ಟೆ ಇಡದೆ ಇರುವುದು ಅವಳ ಕೈಲಾಗಲಿಲ್ಲ. “ಬಾ, ಆಚೆಗ್ ಓಗಾನ” ಎಂದು ಕೈ ಹಿಡಿದು ಎಳೆದುಕೊಂಡೇ ಬಂದಳು. ಆಂಡರ್ಸನ್‌ಪೇಟೆಯಲ್ಲಿ ಒಂದು ಹೋಟೆಲಿಗೆ ಹೋಗಿ ಕೂತೆವು. ನಾನು ಇಡ್ಲಿ ಹೇಳಿದೆ. ಇಡ್ಲಿ ಬಂತು. ಅಕ್ಕ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

“ಇಡ್ಲಿ ಅಕ್ಕಿ ಕಣ್ಲಾ.”

ದೋಸೆಯೂ ಅಕ್ಕಿ. ಪೊಂಗಲ್ ಅಕ್ಕಿ. ವಡೆ ಉದ್ದಿನದು ಎಂದೆ, ಗರಿಗರಿ ಬರಲಿ ಎಂದು ಅದಕ್ಕೂ ಅಕ್ಕಿ ಹಿಟ್ಟು ಬೆರೆಸುತ್ತಾರೆ ಎಂದಳು. ಒಂದು ಹೋಟೆಲಿನಲ್ಲಿ ಇಷ್ಟೊಂದು ಅಕ್ಕಿ ಇರುತ್ತದೆ ಎಂದು ಅವತ್ತಿನವರೆಗೂ ನನಗೆ ತಿಳಿದಿರಲಿಲ್ಲ. ಇಡ್ಲಿ ಆರಿ ತಣ್ಣಗಾಯಿತು. ಇಬ್ಬರೂ ಕಾಫಿ ಕುಡಿದು ಎದ್ದೆವು. ನನಗೆ ಅಪ್ಪನ ಮೇಲೆ ಬಂದ ಸಿಟ್ಟಿಗೆ ಲೋಟವನ್ನು ಕುಕ್ಕಿ ಇಟ್ಟೆ, ಮಾಲೀಕರು ತಿರುಗಿ ನೋಡಿದರು.

ದಾರಿ ತೋರಿಸಿದ್ದು ಬಾವ. ಶಿಫ್ಟು ಮುಗಿಸಿ ಬಂದವನು ನಮ್ಮ ಪಾಡು ಕೇಳಿದ. “ಬಟ್ಲರ್ ಆರುಮುಗಂ ಹೋಟ್ಲಿಗೆ ಹೋಗಿ. ಅಲ್ಲಿ ಎಲ್ಲಾ ದೊರೆ ಊಟ. ಅಕ್ಕಿನೂ ಇಲ್ಲ, ರಾಗಿನೂ ಇಲ್ಲ” ಎಂದ.

ಆರುಮುಗಂ ಬಹಳ ವರ್ಷ ಗಣಿಯ ದೊಡ್ಡ ಅಧಿಕಾರಿಗಳ ಬಂಗಲೆಗಳಲ್ಲಿ ಬಟ್ಲರ್ ಆಗಿದ್ದವನು. ಇಂಗ್ಲಿಷ್ ದೊರೆಸಾನಿಯಿಂದ ಸ್ಟ್ಯೂ ಕಲಿತ, ಇಟಲಿಯ ಯಾರೋ ಒಬ್ಬರ ಮನೆಯಲ್ಲಿ ಮ್ಯಾಕರೋನಿ ಕಲಿತ. ಅವರೆಲ್ಲ ಹಡಗು ಹತ್ತಿ ಹೋದ ಮೇಲೆ ಆಂಡರ್ಸನ್‌ಪೇಟೆಯ ಒಂದು ಓಣಿಯಲ್ಲಿ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮೇಜು ಹಾಕಿ ಹೋಟೆಲು ಮಾಡಿದ. ಮೇಜಿನ ಮೇಲೆ ಕೆಂಪು ಚೌಕಳಿಯ ಬಟ್ಟೆ, ಕಿಟಕಿಗೆ ಬಂಗಲೆಯ ಹರಾಜಿನಲ್ಲಿ ಸಿಕ್ಕ ಲೇಸಿನ ಪರದೆ, ಪಿಂಗಾಣಿ ತಟ್ಟೆಗಳು. ಬರುತ್ತಿದ್ದವರು ರಿಟೈರಾದ ಟೀಚರಮ್ಮಂದಿರು, ಹಳೇ ಫೋರ್‌ಮನ್‌ಗಳು. ಅವರು ಮಾತಾಡುತ್ತಿದ್ದುದೇ ಕೇಳಿಸುತ್ತಿರಲಿಲ್ಲ, ಅಷ್ಟು ಮೆಲ್ಲಗೆ. ಪಂಚೆ ಎತ್ತಿಕಟ್ಟಿದ ನಾನು, ಕೈತುಂಬ ಗಾಜಿನ ಬಳೆ ಹಾಕಿದ ಅಕ್ಕ ಒಳಗೆ ಹೋದಾಗ ಎಲ್ಲರೂ ಒಂದು ಗಳಿಗೆ ಚಮಚ ನಿಲ್ಲಿಸಿದರು. ಆರುಮುಗಂ ಮಾತ್ರ ಕುರ್ಚಿ ಎಳೆದು, “ಉಕ್ಕಾರಮ್ಮಾ, ಕೂತ್ಕೋ ಸಾಮಿ” ಎಂದ.

“ದನದ್ದು ನಮಗೆ ಬ್ಯಾಡ” ಎಂದೆ ಮೊದಲೇ. “ಸೋಮವಾರ ಬೇರೆ, ಕುರಿ ಕೋಳಿನೂ ಮುಟ್ಟಲ್ಲ.”

“ಆಯ್ತು ಸಾಮಿ. ನಿಮ್ಗೆ ತರಕಾರಿ ಸ್ಟ್ಯೂ ಮಾಡ್ತೀನಿ.”

ಮನೆಯ ಆಣೆಯ ವಿಷಯವನ್ನು ಹೋಟೆಲಿನವನ ಮುಂದೆ ಬಿಚ್ಚುವುದು ಹೇಗೆ? ಅಕ್ಕಿ ರಾಗಿಯ ಮಾತು ಎತ್ತಲೇ ಇಲ್ಲ. ದೊರೆಗಳ ಊಟದಲ್ಲಿ ಅದೆಲ್ಲಿ ಬಂತು ಎಂದು ಇಬ್ಬರೂ ನಿಶ್ಚಿಂತೆಯಿಂದ ಕೂತೆವು.

ನಿಜ ಹೇಳಬೇಕೆಂದರೆ ಆ ಊಟ ನನಗೆ ಸೇರಲಿಲ್ಲ. ಸೂಪು ಎಂದರೆ ಸಾರಿನ ನೀರು. ಮ್ಯಾಕರೋನಿಯನ್ನು ನೋಡಿ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸ್ಟ್ಯೂ ಎಂದರೆ ಆಲೂಗಡ್ಡೆ, ಕ್ಯಾರೆಟ್, ನವಿಲುಕೋಸನ್ನು ಮೆಣಸಿನ ಪುಡಿಯ ನೀರಿನಲ್ಲಿ ಮುಳುಗಿಸಿಟ್ಟ ಹಾಗೆ ಇತ್ತು. ಉಪ್ಪು ಇದೆಯೋ ಇಲ್ಲವೋ ಎಂದು ಹುಡುಕಬೇಕು, ಹುಳಿಯಂತೂ ಇಲ್ಲವೇ ಇಲ್ಲ. ಕೊನೆಗೆ ಕೊಡುತ್ತಿದ್ದ ಕಸ್ಟರ್ಡ್ ಒಂದು ಚೆನ್ನಾಗಿತ್ತು. ಅದಕ್ಕೆ ಮೊಟ್ಟೆ ಹಾಕುತ್ತಾನೆ ಎಂದು ಆಮೇಲೆ ತಿಳಿಯಿತು, ಅಷ್ಟು ಹೊತ್ತಿಗೆ ರುಚಿ ಹತ್ತಿತ್ತು, ಸೋಮವಾರವಾದರೂ ಇಬ್ಬರೂ ಆ ಮಾತು ಎತ್ತದೆ ತಿಂದೆವು. ಆದರೂ ಒಂದು ಮೇಜು, ಎರಡು ತಟ್ಟೆ, ಎದುರಿಗೆ ಅಕ್ಕ. ನನಗೆ ಅಷ್ಟು ಸಾಕಾಗಿತ್ತು. ತಿಂಗಳ ಮೊದಲ ಸೋಮವಾರ ಎಂದು ಮಾಡಿಕೊಂಡೆವು.

ಊರಿಗೆ ಹೋದರೆ ಅಮ್ಮ ಬಾಗಿಲಲ್ಲೇ ಕಾದಿರುತ್ತಿದ್ದಳು. ಅಕ್ಕ ಹೇಗಿದ್ದಾಳೆ ಎಂದು ಅಲ್ಲ, ಮೊದಲು ಕೇಳುತ್ತಿದ್ದುದು “ಏನ್ ತಿಂದ್ಳು?” ಎಂದು. ನಾನು ಬ್ರೆಡ್ಡು, ಸ್ಟ್ಯೂ ಎಂದು ಹೇಳುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡು, “ಮುದ್ದೆ ಇಲ್ದೆ ಒಟ್ಟೆ ತುಂಬುತ್ತೇನ್ಲಾ ಅದುಕ್ಕೆ” ಎನ್ನುತ್ತಿದ್ದಳು. ಅಕ್ಕನ ಎರಡು ಬಾಣಂತನವೂ ನಂದಿದುರ್ಗದ ಲೈನಿನಲ್ಲೇ ಆಯಿತು. ಆ ಎರಡು ಸಲವೂ ಅಮ್ಮ ಮನೆಯಲ್ಲಿ ಬಾಣಂತಿಯ ಖಾರ ಕುಟ್ಟಿ, ಯಾರಿಗೂ ಕೊಡದೆ, ಮಡಕೆಯಲ್ಲೇ ಹುಳು ಬೀಳಲು ಬಿಟ್ಟಳು.

ಒಂದು ಸಲ, ಮೊದಲ ವರ್ಷವೇ, ಅಮ್ಮನನ್ನೂ ಕರೆದುಕೊಂಡು ಹೋದೆ. ಅವಳು ಕುರ್ಚಿಯ ತುದಿಯಲ್ಲಿ ಕೂತು ಮಗಳನ್ನು ನೋಡಿದ್ದೇ ನೋಡಿದ್ದು. ಚಮಚ ಮುಟ್ಟಲಿಲ್ಲ. ಬ್ರೆಡ್ಡನ್ನು ಸ್ಟ್ಯೂನಲ್ಲಿ ಅದ್ದಿ, ಬೆರಳಲ್ಲೇ ತುತ್ತು ಮಾಡಿ, ಅಕ್ಕನ ಬಾಯಿಗೆ ಎತ್ತಿದಳು. ಅರ್ಧ ದಾರಿಯಲ್ಲಿ ಕೈ ನಿಂತಿತು. “ಬ್ರೆಡ್ಡು ಕಣಮ್ಮ, ಗೋದಿ, ಏನಾಗಲ್ಲ” ಎಂದೆ. ಅಮ್ಮ ತುತ್ತನ್ನು ತಟ್ಟೆಗೆ ಇಳಿಸಿಬಿಟ್ಟಳು. “ಬ್ಯಾಡ. ಎದ್ರಿಕಂಡು ಉಣ್ಸೋ ತುತ್ತು ಮೈಗತ್ತಲ್ಲ.” ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಆಗಾಗ ನಿಂತುಕೊಂಡೇ ಮಾತಾಡಿ ಬೇರೆಯಾಗುತ್ತಿದ್ದರು.

ಆರುಮುಗಂ ನಮ್ಮನ್ನು ಯಾವತ್ತೂ ಅವಸರ ಮಾಡಿ ಎಬ್ಬಿಸಲಿಲ್ಲ. ಮೂಲೆಯ ಮೇಜನ್ನು ನಮಗೆಂದೇ ಇಡುತ್ತಿದ್ದ. ಅಕ್ಕ ಅಳುವಾಗ ಅಡುಗೆಮನೆಗೆ ಹೋಗಿ ನಿಂತುಬಿಡುತ್ತಿದ್ದ. ಅವನಿಗೆ ರಾಗಿ ಅಂಬಲಿ ಇಷ್ಟ ಎಂದು ಒಮ್ಮೆ ಮಾತಿಗೆ ಬಂತು. ಆ ವರ್ಷ ಸಂಕ್ರಾಂತಿ ಕಳೆದು ಕಣ ಮುಗಿದ ಮೇಲೆ, ನಮ್ಮ ಹೊಲದ ರಾಗಿಯನ್ನು ಒಂದು ಚೀಲ ತುಂಬಿ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಅವನ ಅಡುಗೆಮನೆಯಲ್ಲಿ ಇಳಿಸಿದೆ. ಮುಂದೆ ಪ್ರತಿ ವರ್ಷ ಅದು ರೂಢಿಯಾಯಿತು.

ಬರಬರುತ್ತ ಆ ಊಟಕ್ಕೆ ನಾಲಿಗೆ ಒಗ್ಗಿತು. ಸ್ಟ್ಯೂ ಅಂತೂ ನನಗೇ ಹಿಡಿಸತೊಡಗಿತು. ಅಕ್ಕ ಮಿಕ್ಕಿದ್ದನ್ನು ಕೆದಕುತ್ತಿದ್ದಳು, ಸ್ಟ್ಯೂ ಬಂದರೆ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿನ್ನುತ್ತಿದ್ದಳು. “ಇದೊಂದು ಬಾಯಿಗ್ ಅತ್ತುತ್ತೆ ಕಣ್ಲಾ, ಯಾಕೋ ಗೊತ್ತಿಲ್ಲ” ಎನ್ನುತ್ತಿದ್ದಳು. ಅಮ್ಮನಿಗೂ ಅದನ್ನೇ ಹೇಳಿದೆ. ಅಮ್ಮ, “ಒಂದಾದ್ರೂ ಅತ್ತಿತಲ್ಲ, ಬಿಡು” ಎಂದಳು.

ಹೀಗೇ ವರ್ಷಗಳು ಹೋದವು. ನನ್ನ ಮದುವೆಯಾಯಿತು, ಅನಸೂಯ ಮನೆಗೆ ಬಂದಳು. ನನ್ನ ಮದುವೆಯ ಊಟಕ್ಕೂ ಅಕ್ಕ ಕೂರಲಿಲ್ಲ, ಧಾರೆ ಮುಗಿದ ಕೂಡಲೇ ಮಕ್ಕಳ ಕೈ ಹಿಡಿದುಕೊಂಡು ಹೊರಟುಹೋದಳು. ಅವಳ ಬೆನ್ನು ನೋಡುತ್ತ ನಾನು ಮದುಮಗನ ಪೇಟ ಕಿತ್ತೆಸೆಯಬೇಕು ಎಂದುಕೊಂಡೆ. ಎಸೆಯಲಿಲ್ಲ, ಅಷ್ಟೇ.

ಎಂಬತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ಅಮ್ಮ ಕೊಟ್ಟಿಗೆಯಲ್ಲಿ ಜಾರಿಬಿದ್ದಳು. ಸೊಂಟದ ಮೂಳೆ ಹೋಯಿತು. ಆಸ್ಪತ್ರೆಯವರು ನೋಡಿ, ಈ ವಯಸ್ಸಿಗೆ ಕೂಡುವುದು ಕಷ್ಟ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ನಡುಮನೆಯಲ್ಲಿ ಅಪ್ಪನ ಫೋಟೊದ ಕೆಳಗೆ ಮಂಚ ಹಾಕಿ ಮಲಗಿಸಿದೆವು. ಹಾಸಿಗೆ ಹಿಡಿದ ಮೇಲೆ ಅಮ್ಮ ಒಂದೊಂದಾಗಿ ಬಿಟ್ಟಳು. ಮೊದಲು ಮುದ್ದೆ ಬಿಟ್ಟಳು, ಆಮೇಲೆ ಅನ್ನ. ಕೊನೆಗೆ ಅನಸೂಯ ಗಂಜಿ ತಂದರೂ ತುಟಿ ಬಿಗಿದಳು.

“ಅವಳು ಬಂದು ಈ ಮನೇಲಿ ಉಣ್ಲಿ. ಆಮ್ಯಾಲೆ ನಾನ್ ಉಣ್ತೀನಿ.”

“ಅವಳು ಉಂಡ್ರೆ ನಿಂಗೇ ಅಲ್ವೇನಮ್ಮ ತಟ್ಟೋದು.”

“ನನ್ ತಲೆ. ಇಷ್ಟ್ ವರ್ಷ ನಿಮ್ಮಪ್ಪನ ಕೈ ಒತ್ಕಂಡ್ ತಿರುಗಿವ್ನಿ. ಸಾಯೋವಾಗ್ಲಾದ್ರೂ ಇಳ್ಸಬ್ಯಾಡ್ವಾ?”

ಮರುದಿನವೇ ತಿಂಗಳ ಮೊದಲ ಸೋಮವಾರ. ನಾನು ಹೋಗಿ ಮೂಲೆಯ ಮೇಜಿನಲ್ಲಿ ಅಕ್ಕನ ಮುಂದೆ ಎಲ್ಲ ಹೇಳಿದೆ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ತಲೆ ಅಡ್ಡಡ್ಡ ಆಡುತ್ತಿತ್ತು.

“ಆಗಲ್ಲ ಕಣ್ಲಾ. ಅಮ್ಮನ್ನ ತಿಂದ್ಬುಟ್ಟು ನಾನ್ ಎಂಗ್ ಬದುಕ್ಲಿ? ನನ್ ಮಕ್ಕಳಿಗ್ ಏನಂತ ಏಳ್ಲಿ?”

“ಉಣ್ದೆ ಇದ್ರೂ ಸಾಯ್ತಾಳೆ. ವಾರ ಉಳಿದ್ರೆ ಎಚ್ಚು.”

“ಅದು ದೇವರು ಮಾಡಿದ್ದಾಗುತ್ತೆ. ಇದು ನಾನ್ ಮಾಡಿದ್ದಾಗುತ್ತೆ.”

ನನ್ನ ತಲೆ ಕೆಟ್ಟುಹೋಯಿತು. ಆ ಮೆಲ್ಲಗಿನ ಹೋಟೆಲಿನಲ್ಲಿ ಮೇಜು ಗುದ್ದಿದೆ. ಎಂಥ ಹೆಂಗಸು ನೀನು, ಹೆತ್ತ ತಾಯಿ ಹಸಿದು ಸಾಯುತ್ತಿದ್ದಾಳೆ ಎಂದು ಕೂಗಾಡಿದೆ. ಪಕ್ಕದ ಮೇಜಿನ ಟೀಚರಮ್ಮ ಎದ್ದು ಹೋದರು. ಆರುಮುಗಂ ಸ್ಟ್ಯೂ ತಟ್ಟೆಗಳನ್ನು ನಮ್ಮ ಮುಂದೆ ಇಟ್ಟು, ಹೋಗದೆ ಅಲ್ಲೇ ನಿಂತ. ಏನಾಯಿತು ಸಾಮಿ ಎಂದು ಕೇಳಿದ. ಮುಚ್ಚಿಟ್ಟುಕೊಂಡು ಇನ್ನೇನಾಗಬೇಕು ಎಂದು ನಾನು ಕರ್ಪೂರದಿಂದ ಹಿಡಿದು ಗಂಜಿಯವರೆಗೆ ಎಲ್ಲ ಹೇಳಿದೆ. ಅಕ್ಕಿ ರಾಗಿ ಇಲ್ಲದ ಊಟ ಎಂದೇ ನಾವು ಇಷ್ಟು ವರ್ಷ ನಿನ್ನ ಹೋಟೆಲಿಗೆ ಬಂದಿದ್ದು ಎಂದೆ.

ಆರುಮುಗಂ ಗಿರಾಕಿಗಳ ಮುಂದೆ ಯಾವತ್ತೂ ಕೂತವನಲ್ಲ. ಅವತ್ತು ಪಕ್ಕದ ಕುರ್ಚಿಯ ಮೇಲೆ ಕುಸಿದು ಕೂತ.

“ಸಾಮಿ, ನೀವು ಹೇಳ್ಳೇ ಇಲ್ಲ. ದನ ಬ್ಯಾಡ ಅಂದ್ರಿ, ಕುರಿ ಬ್ಯಾಡ ಅಂದ್ರಿ. ಎಲುಬು ಹಾಕ್ದೆ ಸ್ಟ್ಯೂ ನೀರು ನೀರಾಗುತ್ತೆ. ನಿಮ್ಮಕ್ಕ ಮೊದ್ಲೆಲ್ಲ ತಟ್ಟೇಲೇ ಬಿಡ್ತಿದ್ರು. ಅದುಕ್ಕೆ ಗಟ್ಟಿ ಬರ್ಲಿ ಅಂತ, ಬೆಣ್ಣೇಲಿ ರಾಗಿ ಹಿಟ್ಟು ಹುರಿದು ಸೇರಿಸ್ತೀನಿ. ನಿಮ್ಗೆ ಮಾತ್ರ, ಬೇರೆಯೋರ್ಗೆ ಇಲ್ಲ.”

“ಯಾವ ರಾಗಿ?” ಎಂದೆ. ಕೇಳುವಾಗಲೇ ನನಗೆ ಗೊತ್ತಿತ್ತು.

“ನೀವು ತಂದ್ಕೊಟ್ಟಿದ್ದೇ ಸಾಮಿ. ವರ್ಷ ವರ್ಷಾನೂ.”

ಹುಟ್ಟಿದಾಗಿನಿಂದ ರಾಗಿ ತಿಂದ ನಾಲಿಗೆ ನಮ್ಮದು. ಬೆಣ್ಣೆ, ಮೆಣಸು, ಪಿಂಗಾಣಿ ತಟ್ಟೆ ಸೇರಿದರೆ ಅದಕ್ಕೂ ಗುರುತು ಸಿಗಲಿಲ್ಲ. ದೊರೆ ಊಟದಲ್ಲಿ ರಾಗಿ ಎಲ್ಲಿಂದ ಬಂತು ಎಂದು ಯೋಚಿಸುವವರು ಯಾರು? ನಾನೇ ಚೀಲ ಹೊತ್ತು ತಂದು ಇಳಿಸಿದ್ದೆ.

ಅಕ್ಕ ಮುಂದಿದ್ದ ತಟ್ಟೆಯನ್ನು ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ನಾಲಿಗೆಯನ್ನು ಒರೆಸಿಕೊಳ್ಳತೊಡಗಿದಳು, ಆಗ ತಾನೇ ತಿಂದವಳ ಹಾಗೆ. “ಅದುಕ್ಕೇ ಅಮ್ಮ ಬಿದ್ದಿದ್ದು. ನಾನೇ ಬೀಳಿಸ್ದೆ.”

“ಲೇ ಅಕ್ಕ, ನೀನು ತಿನ್ನಾಕ್ ಸುರು ಮಾಡಿ ಅತ್ತು ವರ್ಷದ ಮೇಲಾಯ್ತು. ಅಮ್ಮ ಬಿದ್ದಿದ್ದು ಮೊನ್ನೆ. ಅಷ್ಟ್ ವರ್ಷ ಆಣೆ ಏನ್ ನಿದ್ದೆ ಮಾಡ್ತಿತ್ತಾ?”

“ಕಾಯ್ತಾ ಇತ್ತು” ಎಂದಳು.

ಅವಳು ಎದ್ದಳು. ಉಣ್ಣುವುದಕ್ಕಲ್ಲ, ಅಮ್ಮನ ಕಾಲು ಹಿಡಿದು ತಪ್ಪಾಯಿತು ಎನ್ನುವುದಕ್ಕೆ ಊರಿಗೆ ಬರುತ್ತೇನೆ ಎಂದಳು. ನಾವು ಹೊರಡುವಾಗ ಆರುಮುಗಂ ಓಡಾಡುತ್ತ ಆ ಸ್ಟ್ಯೂವನ್ನೆಲ್ಲ ಒಂದು ಟಿಫನ್ ಕ್ಯಾರಿಯರಿಗೆ ತುಂಬಿ ತಂದ. “ಇದನ್ನ ನಿಮ್ಮಮ್ಮಂಗೆ ತೋರ್ಸಿ ಸಾಮಿ. ಮಾಡ್ದೋನು ನಾನು, ನಿಮ್ಮಕ್ಕಂದು ತಪ್ಪಿಲ್ಲ ಅಂತ ಹೇಳಿ.” ಅಕ್ಕ ಕ್ಯಾರಿಯರ್ ಮುಟ್ಟಲಿಲ್ಲ, ನಾನೇ ತೆಗೆದುಕೊಂಡೆ.

ಊರು ತಲುಪುವಾಗ ದೀಪ ಹಚ್ಚುವ ಹೊತ್ತು. ಹೊಸಿಲು ದಾಟಿ ಒಳಗೆ ಬಂದವಳು ಮಂಚದ ಕಾಲ್ದೆಸೆಯಲ್ಲಿ ಕುಕ್ಕರಿಸಿ, ಅಮ್ಮನ ಪಾದಕ್ಕೆ ಹಣೆ ಹಚ್ಚಿ ಎಲ್ಲ ಹೇಳಿದಳು. ಬಿಕ್ಕಳಿಕೆಯಲ್ಲಿ ಅರ್ಧ ಮಾತು ತಿಳಿಯಲಿಲ್ಲ, ಅದನ್ನು ನಾನು ತುಂಬಿದೆ.

“ಅಂಗಾರೆ ಇಷ್ಟ್ ವರ್ಷಾನೂ ನನ್ ರಾಗಿ ತಿಂದವ್ಳೆ” ಎಂದಳು ಅಮ್ಮ. “ನಾನು ಕಳೆ ಕಿತ್ತಿದ್ದು, ನಾನು ಕೇರಿದ್ದು. ನನ್ ಮಗಳು ಅದೇನೋ ಉಳಾ ಉಪ್ಪಟೆ ತಿಂತವ್ಳೆ ಅಂತ ನಾನ್ ಇಲ್ಲಿ ಅಳ್ತಿದ್ದೆ.” ಮುಖ ಸಡಿಲಾಯಿತು, ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಅಮ್ಮ ನಗುತ್ತಿದ್ದಳು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. “ಅನಸೂಯಾ, ಮುದ್ದೆಗಿಡು. ಅವರೇಕಾಳ್ ಸಾರು ಮಾಡು.”

“ನಾನ್ ಉಣ್ಣಲ್ಲಮ್ಮ” ಎಂದಳು ಅಕ್ಕ. “ಗೊತ್ತಿಲ್ದೆ ತಿಂದಿದ್ದೇ ಇಷ್ಟ್ ಮಾಡೈತೆ. ಗೊತ್ತಿದ್ದೂ ಎಂಗ್ ತಿನ್ಲಿ? ಅಪ್ಪ ಬಂದು ಎತ್ತೋವರ್ಗೂ ಅದು ಎತ್ತಿದಂಗಲ್ಲ.”

ಅಮ್ಮ ಅವಳನ್ನು ನೋಡಿದಳು, ಗೋಡೆಯ ಮೇಲಿನ ಫೋಟೊ ನೋಡಿದಳು, ನನ್ನ ಕೈಯಲ್ಲಿದ್ದ ಕ್ಯಾರಿಯರ್ ನೋಡಿದಳು.

“ಸರಿ. ನಿಮ್ಮಪ್ಪನ್ನೇ ಕರಿಯಾನ. ಎಡೆ ಇಡು.”

ಸತ್ತವರಿಗೆ ನಾವು ಎಡೆ ಇಡುವುದು ಮಹಾಲಯ ಅಮಾವಾಸ್ಯೆಯಲ್ಲಿ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ನಿಲ್ಲುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಆಮೇಲೆ ಅದನ್ನೇ ಮನೆಯವರೆಲ್ಲ ಹಂಚಿಕೊಂಡು ತಿನ್ನುವುದು.

“ಇವತ್ತೇನು ಅಬ್ಬಾನಾ?” ಎಂದೆ.

“ಮಗಳು ತವರಿಗ್ ಬಂದವ್ಳೆ. ಇನ್ಯಾವ ಅಬ್ಬ ಬೇಕ್ಲಾ ನಿಂಗೆ. ಮುನಿರತ್ನ, ನೀನೇ ಬಡ್ಸು. ಆ ಓಟ್ಲುದ್ದೂ ಆಕು. ಇಲ್ಲೇ ಮಂಚದ್ ಪಕ್ಕ ಇಡು, ನಂಗ್ ಕಾಣ್ಲಿ. ಆಣೆ ಇಟ್ಟೋರು ನಿನ್ ಕೈಲಿ ಇಸ್ಕಂಡು ಉಂಡ್ರೆ, ಎತ್ತಿದಂಗೇ ಅಲ್ವಾ?”

ಅಕ್ಕ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಕೈಕಾಲು ತೊಳೆದು ಬಂದು, ಮಣೆಯ ಮೇಲೆ ಬಾಳೆಲೆ ಹಾಸಿ, ಅನಸೂಯ ತಿರುವಿಕೊಟ್ಟ ಮುದ್ದೆ, ಅವರೇಕಾಳು ಸಾರು ಬಡಿಸಿದಳು. ಕ್ಯಾರಿಯರ್ ಬಿಚ್ಚಿ ಆರುಮುಗನ ಸ್ಟ್ಯೂವನ್ನು ಒಂದು ಬಟ್ಟಲಿಗೆ ತುಂಬಾ ಹಾಕಿ ಎಲೆಯ ಪಕ್ಕ ಇಟ್ಟಳು. ದೀಪ ಹಚ್ಚಿದಳು. ನಾವೆಲ್ಲ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಎದ್ದು ಬರಲಾಗದ ಅಮ್ಮ ಒಳಗೇ ಉಳಿದಳು.

ಜಗಲಿಯ ಮೇಲೆ ಅಕ್ಕ ಮುಚ್ಚಿದ ಬಾಗಿಲನ್ನೇ ನೋಡುತ್ತ ಕಂಬಕ್ಕೆ ಒರಗಿ ನಿಂತಿದ್ದಳು. ಕೊಟ್ಟಿಗೆಯಲ್ಲಿ ಕರು ಒಂದೆರಡು ಸಲ ಕೂಗಿತು. ಅಪ್ಪನನ್ನು ನಾನು ಎಷ್ಟು ಬೈದುಕೊಂಡಿದ್ದೇನೆ ಎಂಬುದಕ್ಕೆ ಮಿತಿಯಿಲ್ಲ. ಅವತ್ತು ಮಾತ್ರ, ಬಾರಪ್ಪ, ಒಂದು ಸಲ ಬಂದು ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಒಳಗಿಂದ ಅಮ್ಮ ಕೆಮ್ಮಿ ಕರೆದಳು. ಬಾಗಿಲು ತೆಗೆದೆವು.

ದೀಪ ಉರಿಯುತ್ತಿತ್ತು. ಮುದ್ದೆ ಇದ್ದ ಹಾಗೇ ಇತ್ತು. ಸ್ಟ್ಯೂ ಬಟ್ಟಲು ಅರ್ಧ ಖಾಲಿಯಾಗಿತ್ತು. ಅಮ್ಮ ಮಂಚದ ಅಂಚಿಗೆ ಸರಿದು ಮಲಗಿದ್ದಳು, ಹಣೆಯ ಮೇಲೆ ಬೆವರಿತ್ತು. ಆ ಸೊಂಟದಲ್ಲಿ ಅಷ್ಟು ಸರಿಯಲು ಎಷ್ಟು ನೋವು ತಿಂದಳೋ. ಬಲಗೈಯ ಬೆರಳುಗಳಿಗೆ ಕಂದು ಬಣ್ಣದ ಗೊಜ್ಜು ಮೆತ್ತಿತ್ತು, ಗಲ್ಲದ ಮೇಲೂ ಒಂದು ಹನಿ. ಎಷ್ಟೋ ದಿನಗಳಿಂದ ಒಂದು ಗುಟುಕು ಗಂಜಿಗೂ ತುಟಿ ಬಿಡದವಳು.

“ಉಂಡ್ರು” ಎಂದಳು ಅಮ್ಮ. “ಆಣೆ ಎತ್ತಿ ಓದ್ರು. ಉಪ್ಪು ಸಾಲ್ದು ಅಂದ್ರು.”

ಅಕ್ಕ ಬಟ್ಟಲು ನೋಡಿದಳು, ಅಮ್ಮನ ಬೆರಳು ನೋಡಿದಳು. ನಾವೆಲ್ಲರೂ ನೋಡಿದೆವು. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದಳು. ಅಮ್ಮ ಎಲೆಯಿಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅದೇ ಬೆರಳುಗಳಲ್ಲಿ ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಈ ಸಲ ಕೈ ಅರ್ಧದಲ್ಲಿ ನಿಲ್ಲಲಿಲ್ಲ. ಒಂದಾದ ಮೇಲೊಂದು, ಮುದ್ದೆ ಮುಗಿಯುವವರೆಗೆ ಉಣಿಸಿದಳು. ಮಧ್ಯೆ ಅಕ್ಕ ಒಂದು ತುತ್ತು ಮಾಡಿ ಅಮ್ಮನಿಗೆ ಕೊಟ್ಟಳು. ಅನಸೂಯ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದುದು ನನಗೆ ಕೇಳಿಸಿತು. ನನ್ನ ಪಾಡು ಹೇಳುವಂತಿರಲಿಲ್ಲ.

ಅಮ್ಮ ಯುಗಾದಿಯವರೆಗೂ ಇದ್ದಳು. ಕೊನೆಯವರೆಗೂ ಅಕ್ಕ ಸೋಮವಾರ ಸೋಮವಾರ ಬಂದು ಅವಳ ಕೈತುತ್ತು ತಿಂದು ಹೋಗುತ್ತಿದ್ದಳು. ಅಮ್ಮ ಹೋದಾಗ ಊರಲ್ಲಿ ಕೆಲವರು, ನೋಡಿದಿರಾ, ಆಣೆ ತಟ್ಟೇ ತಟ್ಟಿತು ಎಂದರು. ಒಬ್ಬಿಬ್ಬರ ಮೇಲೆ ನಾನು ಕೈ ಎತ್ತಿಕೊಂಡೇ ಹೋಗಿದ್ದೆ, ಬಾವ ಹಿಡಿದುಕೊಂಡ.

ಹೆಣ ಎತ್ತುವ ಮುಂಚೆ ಬಾಯಿಗೆ ಅಕ್ಕಿ ಹಾಕಬೇಕು. ಮೊರದಲ್ಲಿ ಮನೆಯ ಅಕ್ಕಿ ತಂದಿಟ್ಟರು. ಮೊದಲು ನೀನು ಹಾಕು ಎಂದು ಹಿರಿಯರು ನನಗೆ ಹೇಳಿದರು. ನಾನು ಮೊರವನ್ನು ಅಕ್ಕನ ಕಡೆ ಸರಿಸಿದೆ. ಅವಳು ಒಂದು ಹಿಡಿ ತೆಗೆದುಕೊಂಡು ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ಹಿಡಿಯಿಂದ ನಾಲ್ಕು ಕಾಳು ತನ್ನ ಬಾಯಿಗೆ ಹಾಕಿಕೊಂಡು, ಮಿಕ್ಕಿದ್ದನ್ನು ಅಮ್ಮನ ಬಾಯಿಗೆ ಹಾಕಿದಳು.